ಹಳೆಯ ಫ್ಲೋರ್ ಶಿಫ್ಟರ್ ಭಾಗಗಳು: ಗುರುತಿಸುವುದು ಹೇಗೆ, ಯಾವುದನ್ನು ಆರಿಸಬೇಕು

ಹಳೆಯ ಅಮೆರಿಕನ್ ಕಾರುಗಳ ಬಿಡಿಭಾಗ ಮಾರುವ ಕಡೆ ಒಂದು ಡಬ್ಬ ಕಣ್ಣಿಗೆ ಬೀಳುತ್ತದೆ. ಒಳಗೆ ಕ್ರೋಮ್ ಹಾಕಿದ ಉದ್ದನೆಯ ಗೇರ್ ಲಿವರ್, ಎಣ್ಣೆ ಮೆತ್ತಿಕೊಂಡ ಕಬ್ಬಿಣದ ಗಂಟು, ಬಾಗಿದ ಎರಡು ಮೂರು ರಾಡುಗಳು, ಯಾವುದಕ್ಕೋ ಸೇರಿದ ಒಂದು ಪ್ಲೇಟು. ಮೇಲೆ ಚೀಟಿ: ‘ಫ್ಲೋರ್ ಶಿಫ್ಟ್ ಕನ್ವರ್ಷನ್, ಎಲ್ಲಾ ಕಾರಿಗೂ ಆಗುತ್ತೆ’. ಅಂದರೆ ಸ್ಟೇರಿಂಗ್ ಪಕ್ಕದ ಗೇರ್ ಲಿವರನ್ನು ನೆಲಕ್ಕೆ ತರುವ ಸಾಮಾನು. ಎಲ್ಲರ ಕೈಯೂ ಮೊದಲು ಹೋಗುವುದು ಆ ಹೊಳೆಯುವ ಲಿವರಿನ ಕಡೆಗೇ. ಆದರೆ ನಿಮ್ಮ ಕಾರಿಗೆ ಆ ಡಬ್ಬ ಆಗುತ್ತದೋ ಇಲ್ಲವೋ ಎಂದು ಹೇಳುವ ಶಕ್ತಿ ಆ ಲಿವರಿಗೆ ಇಲ್ಲ. ಅದನ್ನು ಹೇಳುವುದು ತಳದಲ್ಲಿ ಬಿದ್ದಿರುವ ಪ್ಲೇಟು ಮತ್ತು ರಾಡುಗಳು.

ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಗುರುತಿಸುವ ಕೆಲಸ ಕೆಳಗಿನಿಂದ ಶುರುವಾಗಬೇಕು. ಮೊದಲು ಗೇರ್‌ಬಾಕ್ಸ್, ಆಮೇಲೆ ಪ್ಲೇಟು, ಆಮೇಲೆ ರಾಡು, ಕಡೆಗೆ ಲಿವರ್ ಮತ್ತು ನಾಬ್. ಕಂಪನಿಯ ಹೆಸರಿಗೂ ಅದರ ಜಾಗ ಇದೆ, ಆದರೆ ಅದು ಮೊದಲ ಜಾಗ ಅಲ್ಲ.

ಈ ಕನ್ವರ್ಷನ್ ಯಾಕೆ ಬೇಕಾಯಿತು ಅನ್ನುವುದನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಕಾರು ಕಂಪನಿಗಳು ಗೇರ್ ಲಿವರನ್ನು ನೆಲದಿಂದ ಎತ್ತಿ ಸ್ಟೇರಿಂಗ್ ಕಾಲಮ್ಮಿಗೆ ಹಾಕಿದವು. ಮುಂದಿನ ಸೀಟಿನಲ್ಲಿ ಮೂರು ಜನ ಆರಾಮವಾಗಿ ಕೂರಬಹುದಾಯಿತು. ಮೂರು ಗೇರಿನ ಕಾಲಮ್ ಶಿಫ್ಟ್ ಎಷ್ಟು ಗಟ್ಟಿಯಾಗಿ ನೆಲೆಯೂರಿತು ಎಂದರೆ ಷೆವ್ರೊಲೆ ಪಿಕಪ್‌ಗಳಲ್ಲಿ ಅದು 1987ರವರೆಗೂ ಉಳಿದಿತ್ತು. ಆದರೆ ರೇಸಿನ ಹುಚ್ಚು ಹತ್ತಿದ ಹುಡುಗರಿಗೆ ಆ ಉದ್ದನೆಯ, ಸಡಿಲ ಲಿಂಕೇಜ್ (ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ರಾಡುಗಳು) ಹಿಡಿಸಲಿಲ್ಲ. ಜೋರಾಗಿ ಗೇರ್ ಬದಲಿಸಿದರೆ ಲಿಂಕೇಜ್ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. 1950 ಮತ್ತು 60ರ ದಶಕಗಳಲ್ಲಿ ಲಿವರನ್ನು ಮತ್ತೆ ನೆಲಕ್ಕೆ ಇಳಿಸುವ ಕಿಟ್‌ಗಳು ಹುಟ್ಟಿಕೊಂಡಿದ್ದು ಹೀಗೆ. ಇವತ್ತು ನಾವು ಹುಡುಕುತ್ತಿರುವುದು ಆ ಕಿಟ್‌ಗಳ ಚೆದುರಿಹೋದ ತುಂಡುಗಳನ್ನು.

ಕಿಟ್ ಅಂದರೆ ನಾಲ್ಕು ತುಂಡು

ಮೇಲಿನಿಂದ ಕೆಳಕ್ಕೆ ನೋಡಿದರೆ: ಲಿವರ್, ಅಂದರೆ ಕೈಯಲ್ಲಿ ಹಿಡಿಯುವ ಸ್ಟಿಕ್. ಅದರ ಕೆಳಗೆ ಶಿಫ್ಟರ್ ಬಾಡಿ, ಅಂದರೆ ಒಳಗೆ ಗೇಟು (ಲಿವರ್ ಸರಿಯುವ ದಾರಿ) ಮತ್ತು ಸಣ್ಣ ತೋಳುಗಳಿರುವ ಕಬ್ಬಿಣದ ಗಂಟು. ಅದನ್ನು ಗೇರ್‌ಬಾಕ್ಸಿಗೆ ಅಥವಾ ನೆಲಕ್ಕೆ ಹಿಡಿದಿಡುವ ಮೌಂಟಿಂಗ್ ಪ್ಲೇಟು. ಕಡೆಯದು ರಾಡುಗಳು, ಜೊತೆಗೆ ಅವು ಹೋಗಿ ಸೇರುವ ಗೇರ್‌ಬಾಕ್ಸ್ ಬದಿಯ ತೋಳುಗಳು.

ಬಾಡಿ ಎಷ್ಟೋ ಕಾರಿಗೆ ಒಂದೇ ಇರುತ್ತದೆ. ಕಂಪನಿಗಳು ಜಾಣತನ ಮಾಡಿದ್ದು ಇಲ್ಲೇ. ಒಂದೇ ಬಾಡಿ ಮಾಡಿ, ಪ್ಲೇಟು, ರಾಡು, ತೋಳು ಬೇರೆ ಬೇರೆ ಕೊಟ್ಟರೆ ಹತ್ತಾರು ಮಾಡೆಲ್‌ಗಳಿಗೆ ಮಾರಬಹುದಲ್ವಾ? ಹಾಗಾಗಿ ‘ಎಲ್ಲಾ ಕಾರಿಗೂ ಆಗುತ್ತೆ’ ಎನ್ನುವ ಚೀಟಿಯಲ್ಲಿ ಅರ್ಧ ಸತ್ಯ ಇದೆ. ಬಾಡಿ ಆಗಬಹುದು. ಉಳಿದದ್ದು ಆಗುವುದಿಲ್ಲ.

ಮೊದಲು ನಿಮ್ಮ ಗೇರ್‌ಬಾಕ್ಸ್ ಯಾವುದು ಅಂತ ತಿಳಿಯಿರಿ

ಕಾರಿನ ಹೆಸರು ಹೇಳಿ ಭಾಗ ಕೇಳುವುದು ಸಾಲದು. ಅರವತ್ತು ವರ್ಷದಲ್ಲಿ ಆ ಕಾರಿನ ಗೇರ್‌ಬಾಕ್ಸ್ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು. ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಕೆಳಗೆ ತೂರಿ, ಗೇರ್‌ಬಾಕ್ಸಿನ ಎಡಬದಿ ನೋಡಿ. ಅಮೆರಿಕನ್ ಕಾರಿನಲ್ಲಿ ಡ್ರೈವರ್ ಕೂರುವ ಬದಿ ಅದೇ, ಲಿಂಕೇಜ್ ಇರುವುದೂ ಅಲ್ಲೇ.

ಜನರಲ್ ಮೋಟರ್ಸ್ ಕಾರಾದರೆ ಬದಿಯ ಮುಚ್ಚಳದ ಬೋಲ್ಟ್ ಎಣಿಸಿ. ನಾಲ್ಕೇ ಬೋಲ್ಟ್ ಇದ್ದರೆ ಅದು ಹಳೆಯ ಕಾಲದ ಮೂರು ಗೇರಿನದು. ಏಳು ಬೋಲ್ಟ್ ಇದ್ದರೆ ಸ್ಯಾಗಿನಾ ಎಂಬ ಬಾಕ್ಸ್ ಇರಬಹುದು, ಮನ್ಸಿ ಎಂಬ ನಾಲ್ಕು ಗೇರಿನದೂ ಇರಬಹುದು. ಒಂಬತ್ತು ಬೋಲ್ಟ್ ಇದ್ದು ಮುಚ್ಚಳದ ಕೆಳ ಅಂಚು ಬಾಗಿದ್ದರೆ ಬೋರ್ಗ್ ವಾರ್ನರ್ ಕಂಪನಿಯ ನಾಲ್ಕು ಗೇರಿನ ಟಿ-10.

ಏಳು ಬೋಲ್ಟಿನ ಎರಡನ್ನು ಬೇರೆ ಮಾಡುವುದು ಸುಲಭ. ಸ್ಯಾಗಿನಾ ನಾಲ್ಕು ಗೇರಿನ ಬಾಕ್ಸಿನ ಕೇಸು ಬೀಡು ಕಬ್ಬಿಣದ್ದು, ಮೂರು ತೋಳುಗಳೂ ಬದಿಯ ಮುಚ್ಚಳದಲ್ಲೇ ಇರುತ್ತವೆ. ಮನ್ಸಿಯ ಕೇಸು ಅಲ್ಯೂಮಿನಿಯಂ. ಎರಡು ತೋಳು ಮುಚ್ಚಳದಲ್ಲಿ, ರಿವರ್ಸಿನ ತೋಳು ಮಾತ್ರ ಹಿಂದೆ, ಟೈಲ್ ಹೌಸಿಂಗಿನಲ್ಲಿ, ಅಂದರೆ ಬಾಕ್ಸಿನ ಹಿಂತುದಿಯ ಕವಚದಲ್ಲಿ. ಕೇಸು ಯಾವ ಲೋಹ ಅಂತ ಕೊಳೆಯಲ್ಲಿ ಗೊತ್ತಾಗದಿದ್ದರೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಟಿ-10ರಲ್ಲೂ ರಿವರ್ಸ್ ತೋಳು ಟೈಲ್ ಹೌಸಿಂಗಿನಲ್ಲೇ ಇದೆ. ಅಂದರೆ ಸ್ಯಾಗಿನಾದ ರಿವರ್ಸ್ ರಾಡನ್ನು ಮನ್ಸಿಗೆ ಹಾಕಲು ಹೊರಟರೆ ಉದ್ದವೂ ತಪ್ಪು, ಬಾಗೂ ತಪ್ಪು.

ಫೋರ್ಡಿನ ಟಾಪ್‌ಲೋಡರ್‌ಗೆ ಬದಿಯಲ್ಲಿ ಮುಚ್ಚಳವೇ ಇಲ್ಲ. ಮುಚ್ಚಳ ಮೇಲೆ ಇದೆ, ಹೆಸರು ಬಂದಿದ್ದೂ ಅದಕ್ಕೇ. ಹತ್ತು ಬೋಲ್ಟ್ ಇದ್ದರೆ ನಾಲ್ಕು ಗೇರ್, ಒಂಬತ್ತಿದ್ದರೆ ಅದರ ಮೂರು ಗೇರಿನ ತಮ್ಮ. ತೋಳುಗಳು ಎಲ್ಲವೂ ಕೇಸಿನ ಎಡಬದಿಯಲ್ಲೇ ಇರುತ್ತವೆ. ಇನ್ನೂ ಹಿಂದಕ್ಕೆ ಹೋದರೆ, 1932ರಿಂದ 1939ರ ಫೋರ್ಡ್ ಬಾಕ್ಸುಗಳಿಗೆ ಲಿವರ್ ನೇರವಾಗಿ ಮೇಲಿನಿಂದಲೇ ಇಳಿಯುತ್ತದೆ. ಅವಕ್ಕೆ ಈ ರಾಡಿನ ಕಿಟ್‌ಗಳ ಗೊಡವೆಯೇ ಬೇಡ.

ಟೈಲ್ ಹೌಸಿಂಗನ್ನೂ ಒಮ್ಮೆ ನೋಡಿ. ನೆಲದ ಶಿಫ್ಟರಿಗಾಗಿ ಮಾಡಿದ ಹೌಸಿಂಗಿನ ಎಡಬದಿಯಲ್ಲಿ ಥ್ರೆಡ್ ಕೊರೆದ ತೂತುಗಳಿರುವ ದಪ್ಪ ದಿಮ್ಮಿಗಳಿರುತ್ತವೆ. ಕಾಲಮ್ ಶಿಫ್ಟ್ ಕಾರಿನಿಂದ ಬಂದ ಕೆಲವು ಹೌಸಿಂಗ್‌ಗಳಲ್ಲಿ ಇವು ಇರುವುದಿಲ್ಲ. ಹಾಗಿದ್ದರೆ ನಿಮ್ಮ ಮುಂದೆ ಎರಡು ದಾರಿ: ದಿಮ್ಮಿ ಇರುವ ಹೌಸಿಂಗ್ ಹುಡುಕಿ ಬದಲಿಸುವುದು, ಅಥವಾ ದಿಮ್ಮಿ ಇಲ್ಲದ ಬಾಕ್ಸಿಗೆಂದೇ ಮಾಡಿದ ಬ್ರಾಕೆಟ್ ಇರುವ ಕಿಟ್ ಕೊಳ್ಳುವುದು. ಶಿಫ್ಟರ್ ಕೊಳ್ಳುವ ಮೊದಲೇ ಇದು ತೀರ್ಮಾನ ಆಗಬೇಕು. ಯಾಕೆಂದರೆ ಹೌಸಿಂಗ್ ಬದಲಿಸಿದರೆ ಶಿಫ್ಟರ್ ಕೂರುವ ಜಾಗವೇ ಬದಲಾಗುತ್ತದೆ, ರಾಡುಗಳ ಅಳತೆಯೂ ಬದಲಾಗುತ್ತದೆ. ನೆಲಕ್ಕೆ ತೂತು ಎಲ್ಲಿ ಬರಬೇಕು ಅನ್ನುವುದೂ ಅದರ ಮೇಲೇ ನಿಂತಿದೆ.

ಈಗ ಬಾಡಿಯ ತೋಳುಗಳನ್ನು ಎಣಿಸಿ

ಮೂರು ಗೇರಿನ ಬಾಕ್ಸಿಗೆ ಎರಡು ರಾಡು ಸಾಕು. ಒಂದು ಮೊದಲ ಗೇರಿಗೂ ರಿವರ್ಸಿಗೂ, ಇನ್ನೊಂದು ಎರಡು ಮತ್ತು ಮೂರಕ್ಕೆ. ಹಾಗಾಗಿ ಶಿಫ್ಟರ್ ಬಾಡಿಯಲ್ಲಿ ಎರಡೇ ತೋಳು. ನಾಲ್ಕು ಗೇರಿನದಕ್ಕೆ ಮೂರು ರಾಡು, ಮೂರು ತೋಳು: ಒಂದು-ಎರಡು, ಮೂರು-ನಾಲ್ಕು, ರಿವರ್ಸ್. ಡಬ್ಬದ ಮೇಲೆ ಏನೇ ಬರೆದಿರಲಿ, ತೋಳು ಎಣಿಸಿದರೆ ಸುಳ್ಳು ನಿಲ್ಲುವುದಿಲ್ಲ.

ನಾಬಿನ ಮೇಲೆ ಕೊರೆದ ಗೇರಿನ ನಕ್ಷೆಯನ್ನು ನಂಬಬೇಡಿ. ನಾಬ್ ತಿರುಗಿಸಿ ತೆಗೆದು ಬೇರೆ ಹಾಕುವುದು ಎರಡು ನಿಮಿಷದ ಕೆಲಸ. ನಾಲ್ಕು ಗೇರಿನ ನಾಬ್ ತೊಟ್ಟ ಮೂರು ಗೇರಿನ ಶಿಫ್ಟರುಗಳು ಬೇಕಾದಷ್ಟಿವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೂರು ಗೇರಿನ ಶಿಫ್ಟರುಗಳನ್ನು ಮಾರುವವರೂ ಕೊಳ್ಳುವವರೂ ಕೀಳಾಗಿ ನೋಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. 1964ರ ಪಾಂಟಿಯಾಕ್ ಜಿಟಿಒ ಕಂಪನಿಯಿಂದ ಹೊರಬಂದಿದ್ದೇ ನೆಲದಲ್ಲಿ ಹರ್ಸ್ಟ್ ಕಂಪನಿಯ ಶಿಫ್ಟರ್ ಹಾಕಿದ ಮೂರು ಗೇರಿನ ಬಾಕ್ಸಿನೊಂದಿಗೆ. ನಾಲ್ಕು ಗೇರ್ ಬೇಕಿದ್ದವರು ಜಾಸ್ತಿ ದುಡ್ಡು ಕೊಡಬೇಕಿತ್ತು. ಕಾರಿನ ಮೂಲ ಬಾಕ್ಸನ್ನೇ ಉಳಿಸಿಕೊಂಡು ನೆಲಕ್ಕೆ ಲಿವರ್ ತರುವುದು ಆ ಕಾಲದ ಸಾಚಾ ಕೆಲಸ. ಒಂದೇ ಎಚ್ಚರಿಕೆ: ಹಳೆಯ ಮೂರು ಗೇರಿನ ಬಾಕ್ಸುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ (ಗೇರುಗಳ ವೇಗ ಸರಿಹೊಂದಿಸಿ ಸಲೀಸಾಗಿ ಸೇರಿಸುವ ಭಾಗ) ಇರುವುದಿಲ್ಲ. ಎಂಥ ಒಳ್ಳೆಯ ಶಿಫ್ಟರ್ ಹಾಕಿದರೂ ಓಡುವ ಕಾರಿನಲ್ಲಿ ಮೊದಲ ಗೇರಿಗೆ ಇಳಿಸಿದರೆ ಕರಕರ ಅನ್ನುವುದು ತಪ್ಪುವುದಿಲ್ಲ.

ಹರ್ಸ್ಟ್, ಅಗ್ಗದ ಕಿಟ್‌ಗಳು, ಕಂಪನಿಯ ಮೂಲ ಶಿಫ್ಟರ್

ಹರ್ಸ್ಟ್ ಹೆಸರು ಯಾಕೆ ಇಷ್ಟು ದೊಡ್ಡದು ಅಂದರೆ ಕೆಲಸ ಹಾಗಿತ್ತು. ಜಾರ್ಜ್ ಹರ್ಸ್ಟ್ ಮತ್ತು ಬಿಲ್ ಕ್ಯಾಂಪ್‌ಬೆಲ್ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಕಂಪನಿ ಇದು. ಅವರ ಕಾಂಪಿಟಿಷನ್ ಪ್ಲಸ್ ನಾಲ್ಕು ಗೇರಿನ ಶಿಫ್ಟರನ್ನು ಒಮ್ಮೆ ಕೈಯಲ್ಲಿ ಹಿಡಿದರೆ ಮರೆಯುವುದಿಲ್ಲ. ದಪ್ಪ ಉಕ್ಕಿನ ತೋಳುಗಳು, ಮುಂದೊಂದು ಹಿಂದೊಂದು ಹೊಂದಿಸಬಹುದಾದ ತಡೆ ಬೋಲ್ಟು. ಈ ತಡೆ ಬೋಲ್ಟುಗಳೇ ಇದರ ಜೀವ. ಜೋರಾಗಿ ಗೇರ್ ಎಳೆದಾಗ ಆ ಏಟು ಗೇರ್‌ಬಾಕ್ಸಿನ ಒಳಗೆ ಗೇರ್ ಸರಿಸುವ ಫೋರ್ಕುಗಳಿಗೆ ಹೋಗದೆ ಈ ಬೋಲ್ಟಿಗೆ ಬಡಿದು ನಿಲ್ಲುತ್ತದೆ. ಬಾಡಿಯಲ್ಲಿ ಇವೆರಡು ಇಲ್ಲದಿದ್ದರೆ, ಅಥವಾ ಯಾರೋ ಬಿಚ್ಚಿ ಕಳೆದಿದ್ದರೆ, ಬೆಲೆ ಮಾತಾಡುವಾಗ ಅದನ್ನು ಎತ್ತಿ.

ಇನ್ನೊಂದು ಗುರುತು: ನ್ಯೂಟ್ರಲಿನಲ್ಲಿಟ್ಟಾಗ ಬಾಡಿಯ ಮತ್ತು ತೋಳುಗಳ ತೂತುಗಳು ಒಂದೇ ಸಾಲಿಗೆ ಬರುತ್ತವೆ, ಕಾಲು ಇಂಚಿನ ಪಿನ್ ಒಂದು ಆ ಬದಿಯಿಂದ ಈ ಬದಿಗೆ ದಾಟುತ್ತದೆ. ರಾಡು ಹೊಂದಿಸುವುದು ಈ ಪಿನ್ ಹಾಕಿಟ್ಟುಕೊಂಡೇ. ಕೊಳ್ಳಲು ಹೋಗುವಾಗ ಕಾಲು ಇಂಚಿನ ಡ್ರಿಲ್ ಬಿಟ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಅದರ ನುಣುಪು ಭಾಗ ಸಲೀಸಾಗಿ ದಾಟಿದರೆ ತೋಳುಗಳು ನೆಟ್ಟಗಿವೆ ಅಂತ ಅರ್ಥ. ದಾಟದಿದ್ದರೆ ತೋಳು ಬಾಗಿದೆ, ಇಲ್ಲವೇ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ.

ಹಳೆಯ ಡಬ್ಬ ಜೊತೆಗಿದ್ದರೆ ಅದೃಷ್ಟ. ಹರ್ಸ್ಟ್ ಡಬ್ಬದ ಮೇಲಿನ ಏಳು ಅಂಕಿಯ ನಂಬರ್ 391ರಿಂದ ಶುರುವಾದರೆ ಅದು ಕಾಂಪಿಟಿಷನ್ ಪ್ಲಸ್ ಶಿಫ್ಟರ್. 373ರಿಂದ ಶುರುವಾದರೆ ಅದು ಜೋಡಣೆಯ ಕಿಟ್, ಅಂದರೆ ಪ್ಲೇಟು, ರಾಡು ಇತ್ಯಾದಿ. ಆ ಎರಡನೇ ನಂಬರೇ ನಿಮಗೆ ಹೆಚ್ಚು ಮುಖ್ಯ. ಕಾರು ಮತ್ತು ಗೇರ್‌ಬಾಕ್ಸಿಗೆ ತಕ್ಕಂತೆ ಬದಲಾಗುವುದು ಅದು. ಹಾಳೆ ಹರಿದಿದ್ದರೂ ಒಳಗಿನ ಜೋಡಣೆಯ ಸೂಚನೆ ಕಾಗದ ಇದ್ದರೆ ಬಿಡಬೇಡಿ. ಯಾವ ರಾಡು ಯಾವ ತೋಳಿಗೆ ಅಂತ ಅದರಲ್ಲಿ ಚಿತ್ರ ಸಮೇತ ಇರುತ್ತದೆ. ಎಷ್ಟೋ ಸಲ ಹಳೆಯ ಡಬ್ಬದಲ್ಲಿ ಬೇರೆ ಕಿಟ್ಟಿನ ರಾಡುಗಳು ಸೇರಿಕೊಂಡಿರುತ್ತವೆ, ಆದ್ದರಿಂದ ಕಾಗದದ ಚಿತ್ರವನ್ನೂ ಕೈಯಲ್ಲಿರುವ ರಾಡನ್ನೂ ಹೋಲಿಸಿ ನೋಡಿ.

ಹರ್ಸ್ಟ್ ಎಂದ ಮಾತ್ರಕ್ಕೆ ಎಲ್ಲವೂ ಕಾಂಪಿಟಿಷನ್ ಪ್ಲಸ್ ಅಲ್ಲ. ಮೂರು ಗೇರಿಗೆ ಅವರದೇ ಸಿಂಕ್ರೊ-ಲಾಕ್, ಮಿಸ್ಟರಿ ಶಿಫ್ಟರ್ ಎಂಬ ಹೆಸರಿನವು ಇದ್ದವು. ಮತ್ತೆ ಹೇಳುತ್ತೇನೆ, ತೋಳು ಎಣಿಸಿ.

ಅಗ್ಗದ ಕಿಟ್‌ಗಳ ಲೋಕ ಬೇರೆಯೇ. ಫಾಕ್ಸ್‌ಕ್ರಾಫ್ಟ್, ಸ್ಪಾರ್ಕೊಮ್ಯಾಟಿಕ್ ಮುಂತಾದ ಹೆಸರುಗಳಲ್ಲಿ ಮೂರು ಗೇರಿನ ಕಾಲಮ್ ಕಾರುಗಳಿಗೆ ಕನ್ವರ್ಷನ್ ಕಿಟ್‌ಗಳು ಬರುತ್ತಿದ್ದವು. ಅಂಗಡಿಯಿಂದ ತಂದು ಮನೆಯಲ್ಲೇ ಒಂದು ಮಧ್ಯಾಹ್ನದಲ್ಲಿ ಹಾಕಿಕೊಳ್ಳಲಿ ಅಂತ ಮಾಡಿದವು. ಈ ಬಗೆಯ ಕಿಟ್ಟಿನಲ್ಲಿ ಸಾಮಾನ್ಯವಾಗಿ ತಗಡು ಒತ್ತಿ ಮಾಡಿದ ಬಾಡಿ, ತೆಳುವಾದ ತೋಳು, ಹಲವು ತೂತುಗಳಿರುವ ಪ್ಲೇಟು ಸಿಗುತ್ತವೆ. ಆ ಹಲವು ತೂತುಗಳೇ ಇವುಗಳ ಗುರುತು. ಒಂದೇ ಪ್ಲೇಟನ್ನು ನಾಲ್ಕೈದು ಬಗೆಯ ಬಾಕ್ಸಿಗೆ ಹೊಂದಿಸಲು ಆ ಉಪಾಯ. ನಿಧಾನವಾಗಿ ಓಡಿಸುವ ಭಾನುವಾರದ ಕಾರಿಗೆ ಇವು ಸಾಕು. ಆ ಕಾಲದ ನೋಟ ಬೇಕು, ಆಗಿನ ಹುಡುಗರು ಕೈಯಾರೆ ಹಾಕಿಕೊಂಡಿದ್ದೇ ಬೇಕು ಅನ್ನುವವರಿಗೆ ಹರ್ಸ್ಟಿಗಿಂತ ಇವೇ ಸರಿಯಾದ ಆಯ್ಕೆ. ಜೋರಾಗಿ ಓಡಿಸುವವರಿಗೆ ಇವು ಬೇಡ. ತೆಳು ತೋಳು ಬಾಗುತ್ತದೆ, ಬಾಗಿದ ಮೇಲೆ ಗೇರ್ ಅರ್ಧ ಮಾತ್ರ ಕೂರುತ್ತದೆ. ಅರ್ಧ ಕೂತ ಗೇರು ಬಾಕ್ಸಿನ ಒಳಗಿನ ಹಲ್ಲುಗಳನ್ನು ತಿನ್ನುತ್ತದೆ. ಶಿಫ್ಟರಿನಲ್ಲಿ ಉಳಿಸಿದ ದುಡ್ಡಿಗಿಂತ ಎಷ್ಟೋ ಜಾಸ್ತಿ ಆಗ ಬಾಕ್ಸಿಗೆ ಸುರಿಯಬೇಕಾಗುತ್ತದೆ. ಹರ್ಸ್ಟಿಗೂ ಈ ಅಗ್ಗದವಕ್ಕೂ ನಡುವೆ ಆನ್ಸನ್ ಕಂಪನಿಯ ಪಾಸಿ-ಶಿಫ್ಟ್‌ನಂಥವು ಇದ್ದವು. ಪೂರ್ತಿ ಸೆಟ್ ಸಿಕ್ಕರೆ ಕೊಳ್ಳಿ. ಬಿಡಿ ಬಾಡಿ ಮಾತ್ರ ಸಿಕ್ಕರೆ ರಾಡು ಹುಡುಕುವುದರಲ್ಲಿ ಸುಸ್ತಾಗುತ್ತೀರಿ.

ಇನ್ನು ಕಾರು ಕಂಪನಿಯೇ ಹಾಕಿದ ನೆಲದ ಶಿಫ್ಟರ್. ಅದೇ ಮಾಡೆಲಿನ ನೆಲದ ಶಿಫ್ಟ್ ಇದ್ದ ಕಾರಿನಿಂದ ಎಲ್ಲವನ್ನೂ ಬಿಚ್ಚಿ ತಂದರೆ ಅಳತೆಯ ಚಿಂತೆಯೇ ಇಲ್ಲ. ನೆಲದ ಉಬ್ಬು, ರಬ್ಬರ್ ಬೂಟು, ಅದನ್ನು ಹಿಡಿಯುವ ರಿಂಗು ಎಲ್ಲ ಸರಿಯಾಗಿ ಕೂರುತ್ತವೆ. ಆದರೆ ಎಲ್ಲ ಕಂಪನಿ ಶಿಫ್ಟರುಗಳೂ ಒಂದೇ ಮಟ್ಟದವಲ್ಲ. ಜನರಲ್ ಮೋಟರ್ಸಿನದೇ ಅಂಗಸಂಸ್ಥೆ ಇನ್‌ಲ್ಯಾಂಡ್ ಮಾಡಿದ ಶಿಫ್ಟರಿನ ಬಗ್ಗೆ ಆ ಕಾಲದಲ್ಲೇ ದೂರುಗಳಿದ್ದವು. ಕೊಂಡ ಹೊಸದರಲ್ಲೇ ಅದನ್ನು ಕಿತ್ತು ಹರ್ಸ್ಟ್ ಹಾಕಿಸಿಕೊಂಡವರು ಬಹಳ ಮಂದಿ. ಕಂಪನಿಗಳೂ ಬುದ್ಧಿ ಕಲಿತವು. 1969ರ ಕಮಾರೊ ನಾಲ್ಕು ಗೇರಿನ ಕಾರುಗಳಿಗೆ, 1970ರ ಮಸ್ಟಾಂಗ್ ನಾಲ್ಕು ಗೇರಿನ ಕಾರುಗಳಿಗೆ ಹರ್ಸ್ಟ್ ಶಿಫ್ಟರೇ ಬಂತು. ಕ್ರೈಸ್ಲರ್ ಕಾರುಗಳಲ್ಲಿ 1970ರಿಂದ ಪಿಸ್ತೂಲಿನ ಹಿಡಿಯಂಥ ಹಿಡಿ ಬಂತು. ಈ ಕಂಪನಿ-ಹರ್ಸ್ಟ್ ಶಿಫ್ಟರುಗಳು ಅಂಗಡಿಯಲ್ಲಿ ಮಾರಿದ ಹರ್ಸ್ಟ್‌ಗಳ ಹಾಗೇ ಕಂಡರೂ ಸ್ಟಿಕ್ಕು, ಪ್ಲೇಟು ಬೇರೆ. ಕಾರನ್ನು ಮೂಲ ಸ್ಥಿತಿಗೇ ತರುವ ಆಸೆ ಇದ್ದರೆ ಮಾತ್ರ ಇವಕ್ಕೆ ಹೆಚ್ಚಿನ ಬೆಲೆ ಕೊಡಿ. ಓಡಿಸಲಷ್ಟೇ ಬೇಕಿದ್ದರೆ ಆ ಬೆಲೆ ದಂಡ.

ರಾಡು ಮತ್ತು ತೋಳು: ಹೆಚ್ಚಿನ ತಲೆನೋವು ಇಲ್ಲೇ

ಕಾಲಮ್ ಶಿಫ್ಟಿನ ರಾಡುಗಳು ಸ್ಟೇರಿಂಗ್ ಕಾಲಮ್ಮಿನ ಬುಡದಿಂದ, ಅಂದರೆ ಮುಂದಿನಿಂದ ಗೇರ್‌ಬಾಕ್ಸಿಗೆ ಬರುತ್ತವೆ. ನೆಲದ ಶಿಫ್ಟರಿನವು ಹಿಂದಿನಿಂದ ಬರುತ್ತವೆ. ಹೀಗಾಗಿ ಬಾಕ್ಸಿನ ಬದಿಯಲ್ಲಿರುವ ಹಳೆಯ ತೋಳುಗಳು ಹೆಚ್ಚಾಗಿ ಹೊಂದುವುದಿಲ್ಲ. ಒಳ್ಳೆಯ ಕಿಟ್ಟಿನಲ್ಲಿ ಹೊಸ ತೋಳುಗಳನ್ನೂ ಕೊಟ್ಟಿರುತ್ತಿದ್ದರು. ಹಳೆಯ ಡಬ್ಬಗಳಲ್ಲಿ ಮೊದಲು ಕಳೆದುಹೋಗುವುದೂ ಅವೇ. ಯಾಕೆಂದರೆ ಗೇರ್‌ಬಾಕ್ಸ್ ಮಾರುವಾಗ ಅವು ಅದಕ್ಕೇ ಅಂಟಿಕೊಂಡು ಹೋಗಿರುತ್ತವೆ.

ತೋಳಿನ ದಿಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ತೋಳು ಮೇಲ್ಮುಖವಾಗಿದ್ದು ರಾಡು ಹಿಂದಕ್ಕೆ ಎಳೆದರೆ ತೋಳು ಕೂತಿರುವ ಬಾಕ್ಸಿನ ಶಾಫ್ಟು ಒಂದು ಕಡೆ ತಿರುಗುತ್ತದೆ. ಅದೇ ತೋಳನ್ನು ಕೆಳಮುಖವಾಗಿ ಹಾಕಿ ಹಿಂದಕ್ಕೆ ಎಳೆದರೆ ಶಾಫ್ಟು ಎದುರು ಕಡೆ ತಿರುಗುತ್ತದೆ. ಪರಿಣಾಮ? ಗೇರುಗಳು ಅದಲು ಬದಲು. ನೆಲದ ಮೂರು ಗೇರಿನ ಸರಿಯಾದ ಸಾಲು ಹೀಗೆ: ಎಡಕ್ಕೆ ಮುಂದೆ ರಿವರ್ಸ್, ಎಡಕ್ಕೆ ಹಿಂದೆ ಮೊದಲ ಗೇರ್, ಬಲಕ್ಕೆ ಮುಂದೆ ಎರಡು, ಬಲಕ್ಕೆ ಹಿಂದೆ ಮೂರು. ತೋಳು ತಲೆಕೆಳಗಾಗಿ ಕೂತರೆ ಮೊದಲ ಗೇರಿನ ಜಾಗದಲ್ಲಿ ರಿವರ್ಸ್ ಬರುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಕಾರು ಹಿಂದಕ್ಕೆ ಜಿಗಿದರೆ ಏನಾಗಬಹುದು ಯೋಚಿಸಿ. ಕನ್ವರ್ಷನ್ ಮಾಡಿದ ಕಾರನ್ನು ಕೊಳ್ಳುವಾಗಲೂ ನಿಧಾನವಾಗಿ ಕ್ಲಚ್ ಬಿಟ್ಟು ಪ್ರತಿ ಗೇರೂ ಸರಿಯಾದ ಜಾಗದಲ್ಲಿದೆಯಾ ಅಂತ ಪರೀಕ್ಷಿಸಿ. ಅದಲು ಬದಲಾಗಿದ್ದರೆ ಶಿಫ್ಟರ್ ಕೆಟ್ಟಿದೆ ಅಂತಲ್ಲ. ತೋಳು ತಿರುಗಿಸಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

ತೋಳಿನ ತೂತಿನ ಆಕಾರವೂ ಮುಖ್ಯ. ಶಾಫ್ಟಿನ ತುದಿಗೆ ಚಪ್ಪಟೆ ಮುಖಗಳಿರುತ್ತವೆ, ತೂತು ಅದಕ್ಕೆ ಬಿಗಿಯಾಗಿ ಕೂರಬೇಕು. ಮನ್ಸಿ ನಾಲ್ಕು ಗೇರಿನ ಬಾಕ್ಸಿನಲ್ಲಿ ಇನ್ನೊಂದು ವ್ಯತ್ಯಾಸ ಇದೆ. 1968ರವರೆಗಿನ ಶಾಫ್ಟಿನ ತುದಿಯಲ್ಲಿ ಸ್ಟಡ್ ಚಾಚಿಕೊಂಡಿದ್ದು ಮೇಲೆ ನಟ್ಟು ಹಾಕುತ್ತಾರೆ. 1969ರಿಂದ ಶಾಫ್ಟಿನ ಒಳಗೇ ಥ್ರೆಡ್ ಇದ್ದು ಬೋಲ್ಟು ಹಾಕುತ್ತಾರೆ. ತೋಳು ಕೊಳ್ಳುವ ಮೊದಲು ನಿಮ್ಮದು ಯಾವ ಬಗೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಮಾರುವವರಿಗೆ ಆ ಫೋಟೊ ತೋರಿಸಿದರೆ ಹತ್ತು ಪ್ರಶ್ನೆ ತಪ್ಪುತ್ತದೆ.

ರಾಡಿನ ಗುರುತು ಎರಡು. ಒಂದು, ಮೇಲೆ ಒತ್ತಿದ ನಂಬರ್. ಹರ್ಸ್ಟ್ ರಾಡುಗಳಲ್ಲಿ ಇದು ಸಿಗುತ್ತದೆ, ತುಕ್ಕು ತಿಕ್ಕಿ ನೋಡಬೇಕು. ಮರಳು ಕಾಗದದಿಂದ ಉಜ್ಜಬೇಡಿ, ಅಂಕಿ ಅಳಿಸಿಹೋಗುತ್ತದೆ. ತಂತಿ ಬ್ರಷ್ ಮತ್ತು ಸೀಮೆಎಣ್ಣೆ ಸಾಕು. ಇನ್ನೊಂದು, ಬಾಗಿನ ಆಕಾರ. ಕಾರ್ಖಾನೆಯಲ್ಲಿ ಬಗ್ಗಿಸಿದ ರಾಡಿನ ತಿರುವು ನುಣುಪಾಗಿರುತ್ತದೆ. ಗ್ಯಾಸ್ ಹಿಡಿದು ಯಾರೋ ಬಗ್ಗಿಸಿದ್ದರೆ ಆ ಜಾಗದಲ್ಲಿ ನೀಲಿ ಅಥವಾ ಕಪ್ಪು ಕಲೆ, ಸುತ್ತಿಗೆಯ ಏಟು ಕಾಣುತ್ತದೆ. ನಡುವೆ ಕತ್ತರಿಸಿ ವೆಲ್ಡ್ ಮಾಡಿದ ರಾಡನ್ನು ನಾನಂತೂ ಕೊಳ್ಳುವುದಿಲ್ಲ. ಬೇರೆ ಯಾವುದೋ ಕಾರಿಗೆ ಹೊಂದಿಸಿದ ಉದ್ದ ಅದು. ನಮ್ಮ ಕಾರಿಗೆ ಮತ್ತೆ ಕತ್ತರಿಸಬೇಕಾಗುತ್ತದೆ.

ಎಲ್ಲಿಗೆ ಬಿಗಿಯಬೇಕು: ಗೇರ್‌ಬಾಕ್ಸಿಗಾ, ನೆಲಕ್ಕಾ?

ಕೆಲವು ಕಿಟ್‌ಗಳ ಶಿಫ್ಟರ್ ಗೇರ್‌ಬಾಕ್ಸಿಗೇ ಕೂರುತ್ತದೆ. ಕೆಲವು ನೆಲಕ್ಕೆ ಅಥವಾ ಕ್ರಾಸ್‌ಮೆಂಬರಿಗೆ (ಕಾರಿನ ಅಡಿಯ ಅಡ್ಡಪಟ್ಟಿಗೆ) ಕೂರುತ್ತವೆ. ನನ್ನ ಮತ ಯಾವಾಗಲೂ ಗೇರ್‌ಬಾಕ್ಸಿಗೆ. ಕಾರಣ ಸರಳ. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ಮೌಂಟಿನ ಮೇಲೆ ಕೂತಿವೆ. ಆಕ್ಸಿಲರೇಟರ್ ಜೋರಾಗಿ ತುಳಿದರೆ ಅವು ಹೊರಳುತ್ತವೆ. ಶಿಫ್ಟರೂ ಅವುಗಳ ಜೊತೆಗೇ ಹೊರಳಿದರೆ ರಾಡಿಗೆ ಏನೂ ಆಗುವುದಿಲ್ಲ. ಶಿಫ್ಟರ್ ನೆಲಕ್ಕೆ ಕಚ್ಚಿಕೊಂಡಿದ್ದರೆ, ಬಾಕ್ಸು ಹೊರಳಿದಾಗಲೆಲ್ಲ ರಾಡು ತೋಳನ್ನು ಎಳೆಯುತ್ತದೆ. ಗೇರು ತಾನಾಗಿ ಜಾರಿ ನ್ಯೂಟ್ರಲಿಗೆ ಬರುವುದು ಇದರಿಂದಲೂ ಆಗುತ್ತದೆ. ನೆಲಕ್ಕೆ ಕೂರುವ ಕಿಟ್ಟೇ ಸಿಕ್ಕಿದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ರಬ್ಬರ್ ಮೌಂಟುಗಳನ್ನು ಮೊದಲು ಹೊಸದು ಹಾಕಿ.

ಸ್ಟಿಕ್ ಮತ್ತು ನಾಬ್

ಇದು ಬೇಗ ಮುಗಿಯುವ ವಿಷಯ. ಉದ್ದನೆಯ ಒಂದೇ ಸೀಟು ಇರುವ ಕಾರಿಗೆ ಸ್ಟಿಕ್ಕು ಸೀಟಿನ ಅಂಚನ್ನು ತಪ್ಪಿಸಿಕೊಂಡು ಬಾಗಿರಬೇಕು. ಬಕೆಟ್ ಸೀಟಿನ ಕಾರಿನ ಸ್ಟಿಕ್ಕು ನೆಟ್ಟಗೆ, ಗಿಡ್ಡಕ್ಕೆ ಇರಬಹುದು. ಕಾಂಪಿಟಿಷನ್ ಪ್ಲಸ್ಸಿನಲ್ಲಿ ಸ್ಟಿಕ್ಕು ಎರಡು ಬೋಲ್ಟಿನಿಂದ ಬಾಡಿಗೆ ಕೂರುತ್ತದೆ, ಬೇಕೆಂದಾಗ ಬದಲಿಸಬಹುದು. ನಾಬಿನ ಥ್ರೆಡ್ ಹರ್ಸ್ಟ್ ಸ್ಟಿಕ್ಕುಗಳಲ್ಲಿ ಹೆಚ್ಚಾಗಿ 3/8 ಇಂಚು, ಇಂಚಿಗೆ 16 ಸುತ್ತು. ಜನರಲ್ ಮೋಟರ್ಸಿನ ಹಳೆಯ ಸ್ಟಿಕ್ಕುಗಳಲ್ಲಿ 5/16 ಇಂಚು, 18 ಸುತ್ತು ಸಿಗುತ್ತದೆ. ಹೊಂದದ ನಾಬನ್ನು ಬಲವಂತವಾಗಿ ತಿರುಗಿಸಿ ಹಳೆಯ ಸ್ಟಿಕ್ಕಿನ ಥ್ರೆಡ್ ಹಾಳು ಮಾಡಬೇಡಿ.

ಹಾಗಾದರೆ ಯಾವುದನ್ನು ಆರಿಸಬೇಕು?

ಡಬ್ಬ, ಕಾಗದ, ರಾಡು ಎಲ್ಲವೂ ಇರುವ ಹಳೆಯ ಪೂರ್ತಿ ಕಿಟ್ಟು, ಅದೂ ನಿಮ್ಮ ಗೇರ್‌ಬಾಕ್ಸಿನದೇ ಆಗಿದ್ದರೆ, ಸ್ವಲ್ಪ ದುಬಾರಿಯಾದರೂ ತೆಗೆದುಕೊಳ್ಳಿ. ಮತ್ತೆ ಸಿಗುವುದು ಕಷ್ಟ. ನಿಮ್ಮದಲ್ಲದ ಗೇರ್‌ಬಾಕ್ಸಿನ ಪೂರ್ತಿ ಕಿಟ್ಟು ಸಿಕ್ಕರೆ, ದಯವಿಟ್ಟು ಅದರಿಂದ ಬಾಡಿ ಕಿತ್ತು ಉಳಿದದ್ದು ಬಿಸಾಡಬೇಡಿ. ಅದೇ ಬಾಕ್ಸಿರುವ ಇನ್ನೊಬ್ಬರು ಎಲ್ಲೋ ಅದನ್ನೇ ಹುಡುಕುತ್ತಿರುತ್ತಾರೆ.

ಬರೀ ಬಾಡಿ ಸಿಕ್ಕಿತು, ಅದು ಕಾಂಪಿಟಿಷನ್ ಪ್ಲಸ್, ಪಿನ್ನು ಸಲೀಸಾಗಿ ದಾಟುತ್ತದೆ ಅನ್ನಿ. ಆಗ ನಿಮ್ಮ ಕಾರಿಗೆ ಇವತ್ತೂ ತಯಾರಾಗುವ ಜೋಡಣೆಯ ಕಿಟ್ಟು ಇದೆಯಾ ನೋಡಿ. ಇದ್ದರೆ ಹಳೆಯ ಬಾಡಿ, ಹೊಸ ಪ್ಲೇಟು, ಹೊಸ ರಾಡು. ಓಡಿಸುವ ಕಾರಿಗೆ ನಾನು ಯಾರಿಗಾದರೂ ಮೊದಲು ಹೇಳುವ ಆಯ್ಕೆ ಇದೇ. ಕಣ್ಣಿಗೆ ಕಾಣುವ ಭಾಗ ಹಳೆಯದು, ಕೆಲಸ ಮಾಡುವ ಭಾಗ ಬಿಗಿಯಾದ ಹೊಸದು. ಬೇರೆ ಕಂಪನಿಯ ಬಿಡಿ ಬಾಡಿಗೆ ಈ ಅನುಕೂಲ ಇಲ್ಲ, ಅದಕ್ಕೇ ಅವನ್ನು ಬಿಡಿಯಾಗಿ ಕೊಳ್ಳಬೇಡಿ ಎಂದು ಮೇಲೆ ಹೇಳಿದ್ದು.

ಕಾರು ತೀರಾ ಅಪರೂಪದ್ದು, ಕಾಲಮ್ ಶಿಫ್ಟ್ ಇನ್ನೂ ಚೆನ್ನಾಗಿದೆ ಅಂತಿದ್ದರೆ ಕನ್ವರ್ಷನ್ ಮಾಡದೆ ಇರುವುದೂ ಒಂದು ಒಳ್ಳೆಯ ಆಯ್ಕೆ. ಕಾಲಮ್ ಲಿಂಕೇಜಿನ ಸಡಿಲಕ್ಕೆ ಹೆಚ್ಚಿನ ಕಾರಣ ಕೀಲುಗಳಲ್ಲಿ ಕೂತ ಸಣ್ಣ ಉಂಗುರಗಳು, ಅಂದರೆ ಬುಶ್‌ಗಳು, ಸವೆದಿರುವುದು. ಅವನ್ನು ಬದಲಿಸಿ ನೋಡಿ. ನೆಲಕ್ಕೆ ಕೊರೆದ ತೂತನ್ನು ಮುಚ್ಚುವುದು ಬುಶ್ ಬದಲಿಸಿದಷ್ಟು ಸುಲಭ ಅಲ್ಲ.

ಆಟೊಮ್ಯಾಟಿಕ್ ಕಾರಾದರೆ

ಇದರ ಲೆಕ್ಕ ಬೇರೆ. ಒಂದೇ ಕೇಬಲ್ ಅಥವಾ ಒಂದೇ ರಾಡು, ಒಳಗೆ ಮೆಟ್ಟಿಲಿನಂಥ ಗೇಟು. ನೋಡಬೇಕಾದ್ದು ಗೇಟಿನ ಸಾಲು. ಷೆವ್ರೊಲೆಯ ಹಳೆಯ ಬೀಡು ಕಬ್ಬಿಣದ ಪವರ್‌ಗ್ಲೈಡ್ ಆಟೊಮ್ಯಾಟಿಕ್ ಬಾಕ್ಸಿನಲ್ಲಿ ಪಾರ್ಕ್, ನ್ಯೂಟ್ರಲ್, ಡ್ರೈವ್, ಲೋ, ಕಡೆಯಲ್ಲಿ ರಿವರ್ಸ್. 1962ರಿಂದ ಬಂದ ಅಲ್ಯೂಮಿನಿಯಂ ಪವರ್‌ಗ್ಲೈಡಿನಲ್ಲಿ ರಿವರ್ಸ್ ಪಾರ್ಕಿನ ಪಕ್ಕದಲ್ಲೇ. ಒಂದರ ಶಿಫ್ಟರ್ ಇನ್ನೊಂದಕ್ಕೆ ಹಾಕಿದರೆ ಅಕ್ಷರ ಒಂದು ಹೇಳುತ್ತದೆ, ಕಾರು ಇನ್ನೊಂದು ಮಾಡುತ್ತದೆ. 1967ರ ಜಿಟಿಒದಲ್ಲಿ ಬಂದ ಹರ್ಸ್ಟ್ ಡ್ಯೂಯಲ್ ಗೇಟ್ ಶಿಫ್ಟರಿಗೆ ಎರಡು ಗೇಟಿವೆ. ಒಂದರಲ್ಲಿ ಕಾರು ತಾನೇ ಗೇರ್ ಬದಲಿಸುತ್ತದೆ, ಇನ್ನೊಂದರಲ್ಲಿ ಓಡಿಸುವವರು ಒಂದೊಂದಾಗಿ ಏರಿಸಬಹುದು. ಚಂದದ ವಸ್ತು. ಅದು ಮೂರು ಗೇರಿನ ಟರ್ಬೊ 400 ಬಾಕ್ಸಿಗೆ ಬಂದದ್ದು, ಎರಡೇ ಗೇರಿನ ಪವರ್‌ಗ್ಲೈಡಿಗೆ ಕೊಳ್ಳಬೇಡಿ.

ಕಾಲಮ್ಮಿನಲ್ಲಿ ಉಳಿದದ್ದನ್ನು ಏನು ಮಾಡುವುದು?

ಹಳೆಯ ಕಾಲಮ್ ಲಿವರ್ ತೆಗೆದರೆ ತೂತು ಉಳಿಯುತ್ತದೆ. ನೆಲದ ಶಿಫ್ಟ್ ಕಾರಿನ ಕಾಲಮ್ ಸಿಕ್ಕರೆ ಅದು ಅಚ್ಚುಕಟ್ಟು. ಇಲ್ಲದಿದ್ದರೆ ತೂತು ಮುಚ್ಚುವ ಕಾಲರ್ ಹಾಕಬೇಕು. ಜನರಲ್ ಮೋಟರ್ಸ್ ಕಾರುಗಳಲ್ಲಿ 1969ರಿಂದ ಕೀಲಿ ಸ್ಟೇರಿಂಗ್ ಕಾಲಮ್ಮಿಗೆ ಬಂತು, ಜೊತೆಗೆ ಕಾಲಮ್ಮಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಹೆಚ್ಚಿನ ರಾಡು. ಮ್ಯಾನ್ಯುಯಲ್ ಕಾರಿನಲ್ಲಿ ರಿವರ್ಸಿಗೆ ಹಾಕದೆ ಕೀಲಿ ಹೊರಗೆ ಬರುವುದಿಲ್ಲ. ಆ ವರ್ಷದ ನಂತರದ ಕಾರಾದರೆ ಈ ರಾಡೂ ಅದರ ಬ್ರಾಕೆಟ್ಟೂ ನಿಮ್ಮ ಪಟ್ಟಿಯಲ್ಲಿರಲಿ. ಆಟೊಮ್ಯಾಟಿಕ್ಕಿನಲ್ಲಿ ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು ಕಾಲಮ್ಮಿನಲ್ಲಿದ್ದರೆ ಅದನ್ನು ಹೊಸ ಶಿಫ್ಟರಿಗೆ ಸಾಗಿಸಲೇಬೇಕು. ವೈರು ಕೂಡಿಸಿ ಸ್ವಿಚ್ಚನ್ನೇ ಬಿಟ್ಟುಬಿಡುವುದು ಅಪಾಯ. ರಿವರ್ಸ್ ದೀಪದ ಸ್ವಿಚ್ಚೂ ಹಾಗೆಯೇ, ಎಲ್ಲಿದೆ ಅಂತ ಮೊದಲೇ ನೋಡಿಡಿ.

ಕೈಗೆ ತೆಗೆದುಕೊಂಡು ನೋಡುವಾಗ

ಬಾಡಿಯನ್ನು ಒಂದು ಕೈಯಲ್ಲಿ ಹಿಡಿದು ಸ್ಟಿಕ್ಕನ್ನು ಎಲ್ಲ ಕಡೆಗೂ ಆಡಿಸಿ. ತೋಳುಗಳು ಅಲುಗದೆ ಸ್ಟಿಕ್ಕು ಮಾತ್ರ ಅಲುಗಿದರೆ ಒಳಗೆ ಸವೆದಿದೆ. ಎಡಬಲಕ್ಕೆ ತಳ್ಳಿ ಬಿಟ್ಟಾಗ ಸ್ಪ್ರಿಂಗು ಅದನ್ನು ಸರಿಯಾದ ಸಾಲಿಗೆ ತರಬೇಕು. ತೋಳಿನ ತುದಿಯ ತೂತುಗಳು ದುಂಡಗಿವೆಯಾ, ಮೊಟ್ಟೆಯ ಹಾಗೆ ಉದ್ದವಾಗಿವೆಯಾ ನೋಡಿ. ನೈಲಾನ್ ಬುಶ್ಶು, ಸ್ಪ್ರಿಂಗ್ ಕ್ಲಿಪ್ಪು ಇಲ್ಲದಿದ್ದರೂ ಚಿಂತೆ ಇಲ್ಲ, ಅವು ಹೊಸದಾಗಿ ಸಿಗುತ್ತವೆ. ಉದ್ದವಾದ ತೂತಿಗೆ ಮಾತ್ರ ಹೊಸ ಬುಶ್ಶು ನಿಲ್ಲುವುದಿಲ್ಲ. ತೂತು ತುಂಬಿಸಿ ಮತ್ತೆ ಕೊರೆಯಬೇಕು, ಅಥವಾ ತೋಳು ಬದಲಿಸಬೇಕು. ತುಕ್ಕು ಹಿಡಿದು ಅಲುಗಾಡದ ಬಾಡಿಗೆ ಹೆದರಬೇಡಿ. ಬಿಚ್ಚಿ, ತೊಳೆದು, ಗ್ರೀಸ್ ಹಾಕಿದರೆ ಬಹುಪಾಲು ಮತ್ತೆ ಆಡುತ್ತವೆ. ಬಿಚ್ಚುವ ಮೊದಲು ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ. ತೋಳುಗಳ ನಡುವಿನ ಸಣ್ಣ ತುಂಡುಗಳ ಸಾಲು ತಪ್ಪಿದರೆ, ಮೇಲೆ ಹೇಳಿದ ಕಾಲು ಇಂಚಿನ ಪಿನ್ನು ಇನ್ನು ದಾಟುವುದಿಲ್ಲ.